ಎಲ್‌ಸ್ಯಾಟ್‌ನ ಜೋಡಿ ಗದ್ಯಭಾಗಗಳು: ಇಬ್ಬರು ಲೇಖಕರ ನಿಲುವು ಕಲಸಿಹೋಗದಂತೆ ಓದುವುದು ಹೇಗೆ?

ಪ್ರಶ್ನೆ

ಅಮೆರಿಕದ ಕಾನೂನು ಶಾಲೆಗಳ ಪ್ರವೇಶಕ್ಕಾಗಿ ಎಲ್‌ಸ್ಯಾಟ್ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದೇನೆ. ವಾಚನ ಗ್ರಹಿಕೆಯ ವಿಭಾಗದಲ್ಲಿ ಒಬ್ಬನೇ ಲೇಖಕನ ದೀರ್ಘ ಗದ್ಯಭಾಗಗಳು ನನಗೆ ಅಷ್ಟಾಗಿ ತೊಡಕೆನಿಸುವುದಿಲ್ಲ. ಆದರೆ ‘ಎ’ ಮತ್ತು ‘ಬಿ’ ಎಂಬ ಎರಡು ಚಿಕ್ಕ ಗದ್ಯಭಾಗಗಳನ್ನು ಹೋಲಿಸಿ ಉತ್ತರಿಸಬೇಕಾದಾಗ, ಯಾವ ಮಾತನ್ನು ಯಾರು ಆಡಿದರು ಎಂಬುದೇ ಮಸುಕಾಗುತ್ತದೆ. ಅದರಲ್ಲೂ ‘ಇಬ್ಬರು ಲೇಖಕರೂ ಯಾವ ಹೇಳಿಕೆಯನ್ನು ಒಪ್ಪುವ ಸಾಧ್ಯತೆ ಹೆಚ್ಚು’ ಎಂಬ ಬಗೆಯ ಪ್ರಶ್ನೆಗಳಲ್ಲಿ ಎರಡು ಆಯ್ಕೆಗಳ ನಡುವೆ ಸಿಕ್ಕಿಕೊಳ್ಳುತ್ತೇನೆ. ಎರಡನ್ನೂ ಓದಿದ ಮೇಲೆಯೇ ಪ್ರಶ್ನೆಗಳಿಗೆ ಹೋಗಬೇಕೆ, ಇಲ್ಲವೇ ‘ಎ’ ಮುಗಿದೊಡನೆ ಪ್ರಶ್ನೆಗಳನ್ನು ನೋಡಬಹುದೆ?

ಮೊದಲ ಉತ್ತರ

ಈ ಬಗೆಯ ಪ್ರಶ್ನೆಗಳು 2007ರ ಜೂನ್ ಪರೀಕ್ಷೆಯಿಂದ ಜಾರಿಯಲ್ಲಿವೆ. ವಿಭಾಗದ ನಾಲ್ಕು ಗುಂಪುಗಳಲ್ಲಿ ಒಂದು ಹೀಗೆ ಜೋಡಿಯಾಗಿ ಬರುತ್ತದೆ, ಮತ್ತು ಎರಡೂ ಭಾಗಗಳನ್ನು ಸೇರಿಸಿದರೆ ಹೆಚ್ಚುಕಡಿಮೆ ಒಂದು ದೀರ್ಘ ಗದ್ಯಭಾಗದಷ್ಟೇ ಉದ್ದವಾಗುತ್ತದೆ. ಹಾಗಾಗಿ ಓದಬೇಕಾದ ಪಠ್ಯ ಇಲ್ಲಿ ಹೆಚ್ಚಲ್ಲ. ಹೆಚ್ಚುವುದು ಸಂಬಂಧವನ್ನು ಗುರುತಿಸುವ ಕೆಲಸ, ಮತ್ತು ಆ ಸಂಬಂಧವನ್ನು ಪಠ್ಯ ತಾನಾಗಿ ಹೇಳಿಕೊಡುವುದಿಲ್ಲ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಗಡಿ ವಿವಾದಗಳಲ್ಲಿ ಹಳೆಯ ನಕ್ಷೆಗಳು ಗಡಿಯನ್ನು ನಿಖರವಾಗಿ ತೋರಿಸುವುದರಿಂದ ನ್ಯಾಯಾಲಯಗಳು ಅವುಗಳಿಗೆ ಹೆಚ್ಚಿನ ಮಹತ್ವ ಕೊಡಬೇಕು ಎಂದು ‘ಎ’ ಲೇಖಕ ವಾದಿಸುತ್ತಾನೆ. ‘ಬಿ’ ಲೇಖಕಿ ಇತಿಹಾಸಕಾರ್ತಿ. ನಕ್ಷೆಗಾರರು ಅನೇಕ ಬಾರಿ ತಮ್ಮ ಆಶ್ರಯದಾತರು ಬಯಸಿದ ಗಡಿಯನ್ನೇ ಬರೆದರು ಎಂದು ವಿವರಿಸುತ್ತಾಳೆ, ಆದರೆ ನ್ಯಾಯಾಲಯಗಳ ಪ್ರಸ್ತಾಪವನ್ನೇ ಮಾಡುವುದಿಲ್ಲ. ಇಬ್ಬರೂ ಯಾವುದರ ಬಗ್ಗೆ ಭಿನ್ನಾಭಿಪ್ರಾಯ ಹೊಂದಿರುತ್ತಾರೆ ಎಂದು ಕೇಳಿದಾಗ, ‘ನ್ಯಾಯಾಲಯಗಳು ನಕ್ಷೆಗಳನ್ನು ಸಾಕ್ಷ್ಯವಾಗಿ ಪರಿಗಣಿಸಬೇಕೆ’ ಎಂಬ ಆಯ್ಕೆ ಬಹಳ ಸೆಳೆಯುತ್ತದೆ. ಆದರೆ ಆ ವಿಷಯದಲ್ಲಿ ಆಕೆಯ ನಿಲುವೇನೆಂದು ತೋರಿಸುವ ಒಂದು ಸಾಲೂ ‘ಬಿ’ಯಲ್ಲಿಲ್ಲ, ನಕ್ಷೆಗಳಿಗೆ ಮಿತಿಗಳಿವೆ ಎನ್ನುವವರೂ ಅವನ್ನು ಎಚ್ಚರಿಕೆಯಿಂದ ಬಳಸಬಹುದು ಎನ್ನಬಹುದು. ಸರಿಯುತ್ತರ ಇನ್ನೂ ಸಾಧಾರಣವಾಗಿ ಕಾಣುವ ಆಯ್ಕೆ: ‘ಹಳೆಯ ನಕ್ಷೆಗಳನ್ನು ಗಡಿಯ ನಿಖರ ದಾಖಲೆಯೆಂದು ನಂಬಬಹುದೆ’.

ಆದ್ದರಿಂದ ಪ್ರತಿಯೊಂದು ಆಯ್ಕೆಗೂ ಎರಡು ಬಾರಿ ಸಾಕ್ಷ್ಯ ಕೇಳಿ. ‘ಎ’ಯ ಯಾವ ಸಾಲು ಇದನ್ನು ಸಮರ್ಥಿಸುತ್ತದೆ, ‘ಬಿ’ಯ ಯಾವ ಸಾಲು ಇದನ್ನು ಸಮರ್ಥಿಸುತ್ತದೆ ಅಥವಾ ನಿರಾಕರಿಸುತ್ತದೆ ಎಂದು ಬೆರಳಿಟ್ಟು ತೋರಿಸಲಾಗದಿದ್ದರೆ, ಆಯ್ಕೆ ಎಷ್ಟೇ ಸಮಂಜಸವೆನಿಸಿದರೂ ಬಿಟ್ಟುಬಿಡಬೇಕು. ಒಬ್ಬರ ಮೌನವನ್ನು ಒಪ್ಪಿಗೆಯೆಂದಾಗಲಿ ವಿರೋಧವೆಂದಾಗಲಿ ಓದಿಕೊಳ್ಳುವುದೇ ಇಲ್ಲಿನ ಬಹುಪಾಲು ಬಲೆಗಳ ಮೂಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಎರಡನೆಯ ಉತ್ತರ

ಕ್ರಮದ ಬಗ್ಗೆ ಹೇಳುವುದಾದರೆ, ‘ಎ’ ಓದಿದ ಕೂಡಲೇ ಒಮ್ಮೆ ಪ್ರಶ್ನೆಗಳ ಮೇಲೆ ಕಣ್ಣಾಡಿಸುವುದನ್ನು ನಾನು ಬೆಂಬಲಿಸುತ್ತೇನೆ. ‘ಎರಡೂ ಗದ್ಯಭಾಗಗಳಲ್ಲಿ ಪ್ರಸ್ತಾಪವಾದದ್ದು ಯಾವುದು’ ಎಂಬ ಪ್ರಶ್ನೆಯಿದ್ದರೆ, ‘ಎ’ಯಲ್ಲಿ ಇಲ್ಲದ ಆಯ್ಕೆಗಳನ್ನು ನೆನಪು ಹಸಿಯಾಗಿರುವಾಗಲೇ ಪರದೆಯ ಮೇಲೆ ಹೊಡೆದುಹಾಕಬಹುದು. ‘ಬಿ’ಯಲ್ಲಿದ್ದು ‘ಎ’ಯಲ್ಲಿ ಇಲ್ಲದ್ದನ್ನು ಕೇಳಿದರೆ ಲೆಕ್ಕ ತಿರುಗುಮುರುಗಾಗುತ್ತದೆ, ಆಗ ‘ಎ’ಯಲ್ಲಿ ಕಂಡದ್ದನ್ನೇ ತೆಗೆಯಬೇಕು. ಅವಸರದಲ್ಲಿ ಈ ವ್ಯತ್ಯಾಸ ಮರೆತರೆ ಸರಿಯುತ್ತರವೇ ಹೊರಬೀಳುವ ಅಪಾಯವಿದೆ.

ಆದರೆ ಈ ಕ್ರಮ ಎಲ್ಲರಿಗೂ ಒಗ್ಗುತ್ತದೆಂದು ಹೇಳಲಾರೆ. 35 ನಿಮಿಷಗಳನ್ನು ನಾಲ್ಕು ಗುಂಪುಗಳಿಗೆ ಹಂಚಿದರೆ ಒಂದಕ್ಕೆ ಸಿಗುವುದು 8 ನಿಮಿಷ 45 ಸೆಕೆಂಡು. ನಡುವೆ ನಿಲ್ಲುವುದರಿಂದ ಓದಿನ ಓಘ ತುಂಡಾಗಿ ‘ಬಿ’ಯನ್ನು ಅರೆಮನಸ್ಸಿನಿಂದ ಓದುವಂತಾದರೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಅಭ್ಯಾಸದಲ್ಲಿ ಎರಡೂ ಕ್ರಮಗಳನ್ನು ಗಡಿಯಾರವಿಟ್ಟು ಪರೀಕ್ಷಿಸಿ, ಒಂದನ್ನು ಆರಿಸಿಕೊಳ್ಳಿ. ಯಾವ ಕ್ರಮವಾದರೂ ‘ಎ’ಯ ಮುಖ್ಯ ನಿಲುವನ್ನು ನಿಮ್ಮದೇ ಮಾತಿನ ಒಂದು ವಾಕ್ಯದಲ್ಲಿ ಹೇಳಿಕೊಳ್ಳದೆ ‘ಬಿ’ಗೆ ಹೋಗಬೇಡಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಕೃತಜ್ಞತೆಗಳು. ಇನ್ನೊಂದು ಸಂದೇಹವಿದೆ: ಎರಡು ಭಾಗಗಳ ನಡುವೆ ನೇರ ವಿರೋಧವೇ ಇಲ್ಲದಿದ್ದಾಗ ಸಂಬಂಧವನ್ನು ಹೇಗೆ ಗುರುತಿಸುವುದು?

ಮೂರನೆಯ ಉತ್ತರ

ವಿರೋಧವನ್ನು ನಿರೀಕ್ಷಿಸಿಕೊಂಡು ಓದುವುದೇ ತೊಂದರೆಗೆ ದಾರಿ. ‘ಎ’ ಒಂದು ಸಾಮಾನ್ಯ ತತ್ತ್ವವನ್ನು ಮಂಡಿಸಿ ‘ಬಿ’ ಅದಕ್ಕೆ ಹೊಂದುವ ಪ್ರಕರಣವೊಂದನ್ನು ವಿವರಿಸಬಹುದು; ಇಬ್ಬರೂ ಒಂದೇ ಸಮಸ್ಯೆಯನ್ನು ಒಪ್ಪಿ ಬೇರೆ ಬೇರೆ ಕಾರಣಗಳನ್ನು ಕೊಡಬಹುದು; ಒಬ್ಬರು ವಾದಿಸುತ್ತಿದ್ದರೆ ಇನ್ನೊಬ್ಬರು ಕೇವಲ ವರದಿ ಮಾಡುತ್ತಿರಬಹುದು. ಎರಡು ಕಾಲ್ಪನಿಕ ಶೀರ್ಷಿಕೆಗಳ ಜೋಡಿಗಳನ್ನು ಕೊಟ್ಟು, ಯಾವ ಜೋಡಿಯ ಸಂಬಂಧ ‘ಎ’ ಮತ್ತು ‘ಬಿ’ಯ ಸಂಬಂಧಕ್ಕೆ ಹೋಲುತ್ತದೆ ಎಂದು ಕೇಳುವ ಪ್ರಶ್ನೆಗಳಲ್ಲಿ ಈ ಗ್ರಹಿಕೆಯೇ ಆಧಾರ. ಅಲ್ಲಿ ವಿಷಯವನ್ನು ಪೂರ್ತಿ ಕಳಚಿಡಬೇಕು. ಮೇಲಿನ ನಕ್ಷೆಗಳ ಉದಾಹರಣೆಯನ್ನೇ ತೆಗೆದುಕೊಂಡರೆ, ‘ಒಬ್ಬರು ಒಂದು ಬಗೆಯ ಪುರಾವೆಯ ಬಳಕೆಯನ್ನು ಸಮರ್ಥಿಸುತ್ತಾರೆ, ಇನ್ನೊಬ್ಬರು ಆ ಸಮರ್ಥನೆಯ ಹೆಸರೆತ್ತದೆಯೇ ಅದರ ಆಧಾರವನ್ನು ದುರ್ಬಲಗೊಳಿಸುತ್ತಾರೆ’ ಎಂಬುದಷ್ಟೇ ಉಳಿಯಬೇಕು. ಹೀಗೆ ನೋಡಿದಾಗ ಔಷಧಿಗಳ ಬಗೆಗಿನ ಜೋಡಿ ಸರಿಯುತ್ತರವಾಗಬಹುದು, ನಕ್ಷೆಗಳ ಬಗೆಗಿನ ಜೋಡಿ ತಪ್ಪಾಗಬಹುದು.

ಧ್ವನಿಯ ವ್ಯತ್ಯಾಸವನ್ನೂ ಗಮನಿಸಿ. ‘ಬಹುಶಃ’, ‘ಕೆಲವೊಮ್ಮೆ’ ಎಂದು ತಡೆದು ಬರೆಯುವ ಲೇಖಕರ ಬಾಯಲ್ಲಿ ‘ಯಾವಾಗಲೂ’ ಎಂಬ ಮಾತನ್ನಿಡುವ ಆಯ್ಕೆ, ಉಳಿದ ಭಾಗವೆಲ್ಲ ಸರಿಯಾಗಿದ್ದರೂ, ತಪ್ಪೇ ಆಗುತ್ತದೆ.