ಕಿಲೋಗ್ರಾಂಗೆ ಇಷ್ಟು ಜೂಲ್ ಎಂದರೆ ವೇಗದ ವರ್ಗವೇ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಪಿಯುಸಿ ಓದುತ್ತಿರುವ ಮಗಳಿಗೆ ಲೆಕ್ಕ ಹೇಳಿಕೊಡಲು ಹೋಗಿ ನಾನೇ ಸಿಕ್ಕಿಬಿದ್ದಿದ್ದೇನೆ. ನೀರು ಆವಿಯಾಗುವಾಗಿನ ಗುಪ್ತೋಷ್ಣ (ಬಿಸಿ ಏರದೆಯೇ ಆವಿಯಾಗಲು ಹೀರುವ ಶಾಖ) ಕಿಲೋಗ್ರಾಂಗೆ ಸುಮಾರು 22.6 ಲಕ್ಷ ಜೂಲ್ ಎಂದು ಪುಸ್ತಕದಲ್ಲಿದೆ. ಶಕ್ತಿಯ ಏಕಮಾನವಾದ ಜೂಲನ್ನು ಮೂಲ ಏಕಮಾನಗಳಿಗೆ ಬಿಡಿಸಿ ಬರೆದರೆ ಮೇಲೆ ಕೆಳಗೆ ಕಿಲೋಗ್ರಾಂ ಹೊಡೆದುಹೋಗಿ, ಮೀಟರಿನ ವರ್ಗವನ್ನು ಸೆಕೆಂಡಿನ ವರ್ಗದಿಂದ ಭಾಗಿಸಿದ್ದಷ್ಟೇ ಉಳಿಯುತ್ತದೆ. ಅದು ವೇಗದ ವರ್ಗವಲ್ಲವೇ? ಒಲೆಯ ಮೇಲೆ ಅಲುಗಾಡದೆ ಕುಳಿತ ಪಾತ್ರೆಗೂ ವೇಗಕ್ಕೂ ಏನು ಸಂಬಂಧ? ವಿಶಿಷ್ಟೋಷ್ಣಕ್ಕೆ (ಒಂದು ಕಿಲೋಗ್ರಾಂ ವಸ್ತುವನ್ನು ಒಂದು ಡಿಗ್ರಿ ಕಾಯಿಸಲು ಬೇಕಾದ ಶಾಖಕ್ಕೆ) ಮಾತ್ರ ಉಷ್ಣತೆಯ ಏಕಮಾನವಾದ ಕೆಲ್ವಿನ್ ಏಕೆ ಸೇರುತ್ತದೆ?

ಉತ್ತರ 1:
ನೀವು ಬಿಡಿಸಿ ಬರೆದದ್ದು ಸರಿಯಾಗಿಯೇ ಇದೆ. ಜೋಗದಲ್ಲಿ ನೀರು ಸುಮಾರು 253 ಮೀಟರ್ ಬೀಳುತ್ತದೆ. ಗುರುತ್ವದ 9.8ರಿಂದ ಗುಣಿಸಿದರೆ, ಪ್ರತಿ ಕಿಲೋಗ್ರಾಂ ನೀರು ಕಳೆದುಕೊಳ್ಳುವ ಸ್ಥಿತಿಶಕ್ತಿ ಸುಮಾರು 2,480 ಜೂಲ್. ಗಾಳಿಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ತಳ ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 70 ಮೀಟರ್. ಆ ವೇಗದ ವರ್ಗದ ಅರ್ಧವೂ ಹೆಚ್ಚುಕಡಿಮೆ ಅದೇ ಸಂಖ್ಯೆ. ಕೆಳಗೆ ಅಪ್ಪಳಿಸಿದ ಮೇಲೆ ಈ ಶಕ್ತಿಯೆಲ್ಲ ಶಾಖವಾಗಿ ನೀರಿನಲ್ಲೇ ಉಳಿದರೆ, ನೀರಿನ ವಿಶಿಷ್ಟೋಷ್ಣ ಕಿಲೋಗ್ರಾಂಗೆ, ಡಿಗ್ರಿಗೆ 4,186 ಜೂಲ್ ಆಗಿರುವುದರಿಂದ, ಉಷ್ಣತೆ ಏರುವುದು 0.6 ಡಿಗ್ರಿಯಷ್ಟೇ. (ಈ ಏಕಮಾನಕ್ಕೆ ಹೆಸರಾದ ವಿಜ್ಞಾನಿ ಜೂಲ್ ಅವರೇ 1847ರಲ್ಲಿ, ಮದುವೆಯಾದ ಹೊಸದರಲ್ಲಿ, ಆಲ್ಪ್ಸ್ ಪ್ರವಾಸದ ನಡುವೆ ಜಲಪಾತವೊಂದರ ಈ ವ್ಯತ್ಯಾಸವನ್ನು ಅಳೆಯಲು ಹೊರಟಿದ್ದರು.) ಎತ್ತರ, ವೇಗ, ಶಾಖ ಮೂರೂ ಒಂದೇ ಶಕ್ತಿಯ ವೇಷಗಳು ಎಂಬುದನ್ನೇ ಆ ಏಕಮಾನ ಹೇಳುತ್ತಿದೆ. ನಿಮ್ಮ 22.6 ಲಕ್ಷವನ್ನು 9.8ರಿಂದ ಭಾಗಿಸಿ ನೋಡಿ: ಗುರುತ್ವ ಎಲ್ಲೆಡೆ ಇಷ್ಟೇ ಎಂದುಕೊಂಡರೆ, 230 ಕಿಲೋಮೀಟರ್ ಎತ್ತರದಿಂದ ಬಿದ್ದ ನೀರಿಗೆ ಸಿಗುವ ಶಕ್ತಿ ಅದು.

ಉತ್ತರ 2:
ಕೆಲ್ವಿನ್ ವಿಚಾರ ಸರಳ. ಗುಪ್ತೋಷ್ಣವನ್ನು ಹೀರುವಾಗ ಉಷ್ಣತೆ ಬದಲಾಗುವುದೇ ಇಲ್ಲ, ಆದ್ದರಿಂದ ಅಲ್ಲಿ ಕೆಲ್ವಿನ್‌ಗೆ ಕೆಲಸವಿಲ್ಲ. ವಿಶಿಷ್ಟೋಷ್ಣವಾದರೋ ಒಂದು ಡಿಗ್ರಿ ಏರಿಸಲು ಬೇಕಾದ ಶಾಖ. ಸೊನ್ನೆ ಡಿಗ್ರಿಯ ಒಂದು ಕಿಲೋಗ್ರಾಂ ಮಂಜುಗಡ್ಡೆ ಬರೀ ಕರಗುವುದಕ್ಕೆ ಬೇಕಾದ 334 ಕಿಲೋಜೂಲ್ ಶಾಖದಿಂದ, ಅಷ್ಟೇ ನೀರನ್ನು ಸೊನ್ನೆಯಿಂದ 80 ಡಿಗ್ರಿಯವರೆಗೆ ಕಾಯಿಸಬಹುದು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು, ಜೋಗದ ಲೆಕ್ಕ ಮಗಳಿಗೆ ಬಹಳ ಹಿಡಿಸಿತು. ಹಾಗಾದರೆ ಏಕಮಾನ ಒಂದೇ ಆಗಿದ್ದರೆ ಆ ಪರಿಮಾಣಗಳೂ ಒಂದೇ ಎಂದುಕೊಳ್ಳಬಹುದೇ? ಬಿಸ್ಕತ್ತಿನ ಪೊಟ್ಟಣದ ಕಿಲೋಕ್ಯಾಲೊರಿಯೂ ಇದೇ ಸಾಲಿಗೆ ಸೇರುತ್ತದೆಯೇ?

ಉತ್ತರ 3:
ಕಿಲೋಕ್ಯಾಲೊರಿ ಸೇರುತ್ತದೆ, 4.184ರಿಂದ ಗುಣಿಸಿದರೆ ಕಿಲೋಜೂಲ್ ಸಿಗುತ್ತದೆ. ಪೊಟ್ಟಣದ ಮೇಲಿನ ಸಂಖ್ಯೆ ಸಾಮಾನ್ಯವಾಗಿ 100 ಗ್ರಾಂಗೆ ಇರುತ್ತದೆ ಎಂಬುದನ್ನು ಮರೆತರೆ ಉತ್ತರ ಹತ್ತು ಪಟ್ಟು ತಪ್ಪುತ್ತದೆ. ಆದರೆ ಮೊದಲ ಪ್ರಶ್ನೆಗೆ ಉತ್ತರ "ಇಲ್ಲ" ಎಂದೇ. ದೇಹ ಹೀರಿಕೊಂಡ ವಿಕಿರಣವನ್ನು ಅಳೆಯುವ "ಗ್ರೇ" ಕೂಡ ಕಿಲೋಗ್ರಾಂಗೆ ಒಂದು ಜೂಲ್. ಇಡೀ ದೇಹಕ್ಕೆ ಒಮ್ಮೆಲೇ ನಾಲ್ಕೈದು ಗ್ರೇ ತಗುಲಿ ಚಿಕಿತ್ಸೆ ಸಿಗದಿದ್ದರೆ ಸುಮಾರು ಅರ್ಧದಷ್ಟು ಜನ ಬದುಕುಳಿಯುವುದಿಲ್ಲ. ಆದರೆ ಅಷ್ಟು ಶಕ್ತಿಯಿಂದ ದೇಹದ ಉಷ್ಣತೆ ಏರುವುದು ಡಿಗ್ರಿಯ ಸಾವಿರದ ಒಂದು ಭಾಗದಷ್ಟು. ಅಲ್ಲಿ ಕೊಲ್ಲುವುದು ಶಾಖವಲ್ಲ, ಜೀವಕೋಶದೊಳಗಿನ ಅಣುಗಳನ್ನು ವಿಕಿರಣ ಮುರಿಯುವ ಬಗೆ. ಅದಕ್ಕಾಗಿಯೇ ಜೂಲ್ ಪ್ರತಿ ಕಿಲೋಗ್ರಾಂ ಎನ್ನದೆ ಅದಕ್ಕೆ ಬೇರೆ ಹೆಸರಿಟ್ಟಿರುವುದು ನನಗೆ ಸರಿಯೆನಿಸುತ್ತದೆ.