ಕುಂಡದ ಬೆಣ್ಣೆಹಣ್ಣಿನ ಗಿಡ: ಎಲೆ ತುದಿ ಸುಡ್ತಿದೆ

ಪ್ರಶ್ನೆ (ಬೆಂಗಳೂರು): ಬೀಜದಿಂದ ಎಬ್ಬಿಸಿದ ಬಟರ್‌ ಫ್ರೂಟ್‌ ಗಿಡ ಬಾಲ್ಕನಿಯಲ್ಲಿ ಸೊಂಟದೆತ್ತರ ಬಂದಿದೆ. ಹಳೇ ಎಲೆಗಳ ತುದಿ ಮಾತ್ರ ಕಂದಾಗಿ ಗರಿಗರಿ ಆಗ್ತಿದೆ, ಚಿಗುರು ಚೆನ್ನಾಗಿದೆ. ಹಾಕೋದು ಬೋರ್‌ವೆಲ್‌ ನೀರು. ಏನು ಕೊರತೆ?

ಉತ್ತರ 1: ಕೊರತೆಯಲ್ಲ ಮೇಡಂ, ಉಪ್ಪು ಜಾಸ್ತಿಯಾಗಿದೆ. ಬೋರ್‌ವೆಲ್‌ ನೀರಿನ ಉಪ್ಪಲ್ಲಿರೋ ಕ್ಲೋರೈಡ್‌ ಈ ಗಿಡಕ್ಕೆ ಒಗ್ಗಲ್ಲ. ಅದು ಎಲೆ ತುದಿಗೆ ಹೋಗಿ ಸೇರುತ್ತೆ. ಕುಂಡದ ಅಂಚಲ್ಲಿ ಬಿಳಿ ಪುಡಿ ಕಟ್ಟಿದೆಯಾ ನೋಡಿ. ಮಳೆನೀರು ಹಿಡಿದು, ತಳದಿಂದ ಧಾರಾಳವಾಗಿ ಹರಿದು ಹೋಗೋ ಹಾಗೆ ಹಾಕಿ. ಗೊಬ್ಬರ ಸದ್ಯ ಬೇಡ.

ಉತ್ತರ 2: ತಟ್ಟೆಯಲ್ಲಿ ನೀರು ನಿಲ್ಲಿಸ್ಬೇಡಿ, ಬೇರು ಕೊಳೆಯುತ್ತೆ. ನಮ್ಮ ಕೊಡಗಿನ ಕಾಫಿ ತೋಟದಲ್ಲೂ ಇಳಿಜಾರಿನ ಮರಗಳೇ ಗಟ್ಟಿ. ತಗ್ಗಿನವು ಮಳೆಗಾಲದಲ್ಲಿ ಸೊರಗ್ತವೆ.

ಪ್ರಶ್ನೆ ಕೇಳಿದವರು: ಬಿಳಿ ಪುಡಿ ಇದೆ! ಹಣ್ಣು ಬಿಡುತ್ತಾ?

ಉತ್ತರ 1: ಬೀಜದ ಗಿಡ, ಅದೂ ಕುಂಡದಲ್ಲಿ, ನಂಬ್ಕೋಬೇಡಿ. ಹಣ್ಣು ಬೇಕಿದ್ರೆ ಕಸಿ ಗಿಡ ನೆಲದಲ್ಲಿ ನೆಡಿ. ಇದನ್ನ ಎಲೆಯ ಚಂದಕ್ಕೆ ಬೆಳೆಸಿ.