ಈ ಸಲವೂ ಮನೆ ಬಾಗಿಲಿಗೆ ಹೋಗಿ ಮತ ಕೇಳಬೇಕೆ?

ಮತಗಟ್ಟೆ ಏಜೆಂಟ್ (ಕಲಬುರಗಿ ಜಿಲ್ಲೆ):

ಎಲ್ಲರಿಗೂ ಶರಣು. ನಮ್ಮೂರು ಕಲಬುರಗಿಯಿಂದ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ಇಪ್ಪತ್ತೆರಡು ವರ್ಷಗಳಿಂದ ಒಂದೇ ಪಕ್ಷಕ್ಕಾಗಿ ದುಡಿದಿದ್ದೇನೆ. ಪಕ್ಷದ ಹೆಸರು ಹೇಳುವುದಿಲ್ಲ. ಹೇಳಿದರೆ ಮಾತು ಅದರ ಪರ-ವಿರೋಧಕ್ಕೆ ತಿರುಗಿ ನನ್ನ ಪ್ರಶ್ನೆ ಮೂಲೆಗೆ ಬೀಳುತ್ತದೆ. ಮತದಾನದ ದಿನ ನಸುಕಿನಲ್ಲೇ ಮತಗಟ್ಟೆಗೆ ಹೋಗುತ್ತೇನೆ. ಅಣಕು ಮತದಾನ ನೋಡಿ ಸಹಿ ಹಾಕಿ, ಸಂಜೆ ಯಂತ್ರಕ್ಕೆ ಮುದ್ರೆ ಬೀಳುವವರೆಗೆ ಕುಳಿತು, ಬಿದ್ದ ಮತಗಳ ಲೆಕ್ಕವಿರುವ 17ಸಿ ನಮೂನೆಯ ಪ್ರತಿ ಕೈಗೆ ಬಂದ ಮೇಲೆಯೇ ಏಳುವುದು. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲು ಕಂಡವರಿಗೆ ಆ ದಿನ ಎಂಥದು ಎಂದು ವಿವರಿಸಬೇಕಿಲ್ಲ. ಅದಕ್ಕಾಗಿ ಯಾರಿಂದಲೂ ಏನನ್ನೂ ಕೇಳಿದವನಲ್ಲ.

ಹೋದ ವಿಧಾನಸಭೆ ಚುನಾವಣೆಯಲ್ಲಿ ಎದುರು ಪಕ್ಷದಲ್ಲಿದ್ದ ಮುಖಂಡರೊಬ್ಬರು ಈಗ ನಮ್ಮ ಪಕ್ಷಕ್ಕೆ ಬಂದಿದ್ದಾರೆ. ಮುಂದಿನ ಬಿ ಫಾರಂ, ಅಂದರೆ ಪಕ್ಷದ ಟಿಕೆಟ್, ಅವರಿಗೇ ಎಂದು ಎಲ್ಲರೂ ಮಾತನಾಡುತ್ತಿದ್ದಾರೆ. ಊರಿನಲ್ಲಿ ಈಗ ಮೂಲದವರದೊಂದು ಬಣ, ವಲಸಿಗರದೊಂದು ಬಣ. ನನ್ನ ತಮ್ಮನೇ ಆ ಕಡೆ ಇದ್ದಾನೆ. ತೊಗರಿ ರಾಶಿ ಮಾಡುವಾಗ ಇಬ್ಬರೂ ದಿನವಿಡೀ ಒಂದೇ ಕಣದಲ್ಲಿದ್ದೆವು, ಒಂದು ಮಾತೂ ಆಡಲಿಲ್ಲ. ಅದನ್ನೂ ಸಹಿಸಿಕೊಂಡೆ. ಸಹಿಸಲಾಗದೆ ಹೋದದ್ದು ನಮ್ಮ ಓಣಿಯ ಅಜ್ಜಿಯೊಬ್ಬರ ಮಾತು. ಅವರನ್ನು ಸಭೆಗೆ ಕರೆಯಲು ಹೋಗಿದ್ದೆ. "ಹೋದ ಸಲ ಇವರು ಕೆಟ್ಟವರು, ಇವರಿಗೆ ಹಾಕಬೇಡ ಎಂದು ನೀನೇ ಹೇಳಿದ್ದೆಯಲ್ಲಪ್ಪ. ಈಗ ಇವರು ಒಳ್ಳೆಯವರಾದರೋ, ಇಲ್ಲ ಆಗ ನೀನು ಸುಳ್ಳು ಹೇಳಿದ್ದೆಯೋ?" ಎಂದರು. ಅವರು ಬೈಯಲಿಲ್ಲ, ನಿಜಕ್ಕೂ ತಿಳಿದುಕೊಳ್ಳಲೆಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಚಹಾ ಕೊಟ್ಟರು, ಕುಡಿದು ಬಂದೆ.

ಈ ಸಲವೂ ಆ ಬಾಗಿಲಿಗೆ ಹೋಗಿ ಮತ ಕೇಳಬೇಕೆ? ನಿಮ್ಮ ಅಭಿಪ್ರಾಯ ತಿಳಿಸಿ.

ಭೀಮಾತೀರ (ಅಫಜಲಪುರ):

ಅಣ್ಣಾ, ನಮ್ಮ ತಾಲ್ಲೂಕಿಗೆ ಈ ಪ್ರಶ್ನೆ ಹೊಸದಲ್ಲ. ಹಲವು ಸಲ ಶಾಸಕರಾಗಿದ್ದ ಮಾಲೀಕಯ್ಯ ಗುತ್ತೇದಾರ ಅವರು 2018ರಲ್ಲಿ ಕಾಂಗ್ರೆಸ್ ಬಿಟ್ಟು ಬಿಜೆಪಿಗೆ ಹೋದರು. ಅದೇ ಹೊತ್ತಿಗೆ ಎಂ.ವೈ. ಪಾಟೀಲರು ಬಿಜೆಪಿ ಬಿಟ್ಟು ಕಾಂಗ್ರೆಸ್ಸಿಗೆ ಬಂದರು ಮತ್ತು ಗೆದ್ದರು. ಎದುರಾಳಿಗಳು ಅವರೇ, ಚಿಹ್ನೆಗಳು ಮಾತ್ರ ಅದಲುಬದಲಾಗಿದ್ದವು. 2023ರಲ್ಲಿ ಮಾಲೀಕಯ್ಯನವರ ತಮ್ಮ ನಿತಿನ್ ಗುತ್ತೇದಾರ ಪಕ್ಷೇತರರಾಗಿ ನಿಂತು ಎರಡನೆಯ ಸ್ಥಾನಕ್ಕೆ ಬಂದರು. ಬಿಜೆಪಿ ಅಭ್ಯರ್ಥಿಯಾಗಿದ್ದ ಅಣ್ಣ ಮೂರನೆಯ ಸ್ಥಾನಕ್ಕೆ ಇಳಿದರು. 2024ರ ಲೋಕಸಭೆ ಚುನಾವಣೆಯ ಹೊತ್ತಿಗೆ ತಮ್ಮ ಬಿಜೆಪಿಯಲ್ಲಿ, ಅಣ್ಣ ಮರಳಿ ಕಾಂಗ್ರೆಸ್ಸಿನಲ್ಲಿ.

ನಮ್ಮ ಮನೆಯಲ್ಲಿ 2018ರಲ್ಲಿ ನಡೆದದ್ದನ್ನು ಹೇಳುತ್ತೇನೆ. ನನ್ನ ತಂದೆ ಹಸ್ತದ ಗುರುತಿಗೇ ಹಾಕುವವರು. ಹಾಗಾಗಿ ಅಲ್ಲಿಯವರೆಗೆ ತಾವು ವಿರೋಧಿಸಿದ್ದ ಮನುಷ್ಯನಿಗೆ ಮತ ಹಾಕಿದರು. ನನ್ನ ಕಾಕಾ ಮನುಷ್ಯನನ್ನು ನೋಡಿ ಹಾಕುವವರು. ಹಾಗಾಗಿ ಬದುಕಿನಲ್ಲಿ ಮೊದಲ ಸಲ ಕಮಲದ ಗುಂಡಿ ಒತ್ತಿದರು. ತಾವು ನಿಷ್ಠೆ ಬಿಟ್ಟಿಲ್ಲ ಎಂದು ಇಬ್ಬರೂ ಆಣೆ ಮಾಡಿ ಹೇಳುತ್ತಾರೆ, ಇಬ್ಬರೂ ಹೇಳುವುದು ನಿಜ. ಆದರೂ ಆರು ತಿಂಗಳು ಒಟ್ಟಿಗೆ ಕುಳಿತು ಊಟ ಮಾಡಲಿಲ್ಲ.

ಬ್ರಹ್ಮಪುರ (ಕಲಬುರಗಿ ನಗರ):

ಏಜೆಂಟ್ ಅಣ್ಣನವರ ನೋವು ಅರ್ಥವಾಗುತ್ತದೆ. ಆದರೆ ನಾನು ಒಪ್ಪುವುದಿಲ್ಲ. ಪಕ್ಷ ಎಂದರೆ ಮಠವಲ್ಲ, ಅಧಿಕಾರಕ್ಕೆ ಬಂದರೆ ಮಾತ್ರ ಕೆಲಸ ಮಾಡಿಸಲು ಆಗುತ್ತದೆ. 2019ರ ಲೋಕಸಭೆ ಚುನಾವಣೆಯನ್ನೇ ನೋಡಿ. ಉಮೇಶ ಜಾಧವ ಅವರು ಚಿಂಚೋಳಿಯ ಕಾಂಗ್ರೆಸ್ ಶಾಸಕರಾಗಿದ್ದವರು; ರಾಜೀನಾಮೆ ಕೊಟ್ಟು ಬಿಜೆಪಿಗೆ ಬಂದರು. 1972ರಿಂದ ಸೋಲನ್ನೇ ಕಾಣದಿದ್ದ ಮಲ್ಲಿಕಾರ್ಜುನ ಖರ್ಗೆಯವರನ್ನು 95,452 ಮತಗಳಿಂದ ಸೋಲಿಸಿದರು. ಮೂಲದವರೇ ನಿಲ್ಲಬೇಕು ಎಂದು ಹಟ ಹಿಡಿದಿದ್ದರೆ ಆ ಗೆಲುವು ಸಾಧ್ಯವಿತ್ತೇ? ಭಿನ್ನಮತವನ್ನು ನಾಲ್ಕು ಗೋಡೆಗಳ ಒಳಗೆ ಹೇಳಬೇಕು. ಹೊರಗೆ ಬಂದು ಒಳಏಟು ಕೊಟ್ಟರೆ ಎದುರು ಪಕ್ಷಕ್ಕೇ ಲಾಭ. ಅಜ್ಜಿಗೆ ಹೇಳಿ: ಪಕ್ಷದ ತೀರ್ಮಾನ ಇದು, ನಾನು ಪಕ್ಷದವನು ಎಂದು. ಅದು ಸುಳ್ಳಲ್ಲವಲ್ಲ.

ಭೀಮಾತೀರ:

ಸಾಹೇಬರೆ, ಅದೇ ಜಾಧವರು 2024ರಲ್ಲಿ ಅದೇ ಕ್ಷೇತ್ರದಲ್ಲಿ ಖರ್ಗೆಯವರ ಅಳಿಯ, ಕಾಂಗ್ರೆಸ್ಸಿನ ರಾಧಾಕೃಷ್ಣ ದೊಡ್ಡಮನಿ ಅವರ ಎದುರು 27,205 ಮತಗಳಿಂದ ಸೋತರು. ಎರಡು ಚುನಾವಣೆಗಳ ನಡುವೆ ಲಕ್ಷಕ್ಕೂ ಹೆಚ್ಚು ಮತಗಳ ವ್ಯತ್ಯಾಸ. ಗೆಲುವು ತಂದುಕೊಟ್ಟ ದಾರಿ ಐದೇ ವರ್ಷಕ್ಕೆ ಸವೆಯಿತು.

ಸೇಡಂ ಮೇಷ್ಟ್ರು:

ನಾನು ನಿವೃತ್ತ ಶಿಕ್ಷಕ. 1990ರ ಅಕ್ಟೋಬರ್ ನೆನಪಿರುವವರು ಇಲ್ಲಿ ಕಡಿಮೆ ಎಂದು ಬರೆಯುತ್ತಿದ್ದೇನೆ.

1989ರಲ್ಲಿ ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರ ನಾಯಕತ್ವದಲ್ಲಿ ಕಾಂಗ್ರೆಸ್ 224ರಲ್ಲಿ 178 ಸ್ಥಾನ ಗೆದ್ದಿತು. ಪಾಟೀಲರು ಎರಡನೆಯ ಸಲ ಮುಖ್ಯಮಂತ್ರಿಯಾದರು. ಮರುವರ್ಷ ಅವರಿಗೆ ಪಾರ್ಶ್ವವಾಯು ಬಡಿಯಿತು, ರಾಜ್ಯದಲ್ಲಿ ಗಲಭೆಗಳಾದವು. ರಾಜೀವ್ ಗಾಂಧಿ ಬಂದರು, ಅವರನ್ನು ಕಂಡರು, ಮುಖ್ಯಮಂತ್ರಿ ಬದಲಾಗುತ್ತಾರೆ ಎಂದು ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಹೇಳಿ ಹೊರಟರು. ನಮ್ಮ ಶಾಲೆಯ ಕಟ್ಟೆಯ ಮೇಲೆ ರೇಡಿಯೊ ಸುತ್ತ ಕುಳಿತಿದ್ದವರ ಮುಖ ನನಗೆ ಈಗಲೂ ಕಣ್ಣಿಗೆ ಕಟ್ಟಿದೆ. ಅವರಲ್ಲಿ ಯಾರಿಗೂ ಪಾಟೀಲರಿಂದ ಸ್ವಂತ ಲಾಭ ಆಗಿರಲಿಲ್ಲ. "ಹಾಸಿಗೆ ಹಿಡಿದ ಮನುಷ್ಯ, ಚೇತರಿಸಿಕೊಳ್ಳುವವರೆಗೆ ಕಾಯಬಾರದಿತ್ತೇ?" ಎಂದು ಒಬ್ಬರು ಕೇಳಿದರು. ಮತ ಹಾಕಿದವರನ್ನು ಯಾರೂ ಒಂದು ಮಾತು ಕೇಳಲಿಲ್ಲ ಎಂಬುದೇ ಎಲ್ಲರ ಸಂಕಟ.

1994ರಲ್ಲಿ ಅದೇ ಪಕ್ಷ 34 ಸ್ಥಾನಕ್ಕೆ ಕುಸಿಯಿತು. ಪಾಟೀಲರ ಸಮುದಾಯವಾದ ಲಿಂಗಾಯತರ ದೊಡ್ಡ ಭಾಗ ಅಂದು ದೂರ ಸರಿದದ್ದು ಮರಳಲು ಎಷ್ಟು ಕಾಲ ಹಿಡಿಯಿತು ಎಂಬುದು ನಿಮ್ಮ ಕಣ್ಣ ಮುಂದಿದೆ. ನಾನು ಈ ಸಂಗತಿಯನ್ನು ಕಾಂಗ್ರೆಸ್ಸನ್ನು ಹೀಯಾಳಿಸಲು ಹೇಳುತ್ತಿಲ್ಲ. ಬಿಜೆಪಿ ಅದರಿಂದ ಪಾಠ ಕಲಿಯಲಿಲ್ಲ: 2012ರಲ್ಲಿ ಯಡಿಯೂರಪ್ಪನವರು ಹೊರನಡೆದು ಕೆಜೆಪಿ (ಕರ್ನಾಟಕ ಜನತಾ ಪಕ್ಷ) ಕಟ್ಟಿದರು, 2013ರಲ್ಲಿ ಬಿಜೆಪಿ 40ಕ್ಕೆ ನಿಂತಿತು. ಕೆಜೆಪಿ ಗೆದ್ದದ್ದು ಆರೇ ಸ್ಥಾನ, ಅದರಲ್ಲಿ ನಮ್ಮ ಆಳಂದವೂ ಒಂದು. ಬ್ರಹ್ಮಪುರದವರು ನಾಲ್ಕು ಗೋಡೆಗಳ ಒಳಗೆ ಹೇಳಿ ಎನ್ನುತ್ತಾರೆ. ಆ ಗೋಡೆಗಳ ಒಳಗೆ ಕಾರ್ಯಕರ್ತನಿಗೆ ಕುರ್ಚಿ ಇದೆಯೇ?

ಕಾಗಿಣಾ (ಚಿತ್ತಾಪುರ ತಾಲ್ಲೂಕು):

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ. 1994ರ ಸೋಲಿಗೆ ವಿಮಾನ ನಿಲ್ದಾಣವೊಂದನ್ನೇ ಕಾರಣ ಮಾಡಬೇಡಿ. ಬಂಗಾರಪ್ಪನವರೂ ಆ ಹೊತ್ತಿಗೆ ಹೊರಹೋಗಿ ಬೇರೆ ಪಕ್ಷ ಕಟ್ಟಿದ್ದರು. ಒಂದು ಸಮುದಾಯದ ಮುನಿಸನ್ನೇ ಇಡೀ ಮತದಾರರ ಮುನಿಸು ಎಂದು ಬರೆದಾಗಲೆಲ್ಲ ಉಳಿದ ನಾವು ಲೆಕ್ಕದಿಂದ ಹೊರಗಾಗುತ್ತೇವೆ.

ನಾನು ಸ್ವಸಹಾಯ ಸಂಘ ನಡೆಸುವವಳು. ಇಲ್ಲಿ ಇಷ್ಟು ಹೊತ್ತು ಬಂದ ಹೆಸರುಗಳನ್ನು ನೋಡಿ: ಅಣ್ಣ, ತಮ್ಮ, ಸಾಹೇಬರು. ಸಭೆಗೆ ಜನ ಬೇಕೆಂದಾಗ ನಮ್ಮ ಸಂಘದ ಹೆಂಗಸರನ್ನು ಟ್ರ್ಯಾಕ್ಟರಿನಲ್ಲಿ ಕರೆದೊಯ್ಯುತ್ತಾರೆ. ಟಿಕೆಟ್ ವಿಚಾರ ಬಂದಾಗ ನಮ್ಮ ಅಭಿಪ್ರಾಯವನ್ನು ಯಾವ ಬಣವೂ ಕೇಳಿಲ್ಲ, ಮೂಲದವರೂ ಕೇಳಿಲ್ಲ, ವಲಸಿಗರೂ ಕೇಳಿಲ್ಲ. ಹಾಗಾಗಿ ಏಜೆಂಟ್ ಅಣ್ಣನವರಿಗೆ ಈಗ ಆಗಿರುವ ನೋವು ನಮಗೆ ಮೊದಲಿನಿಂದಲೂ ಇದ್ದದ್ದೇ.

ಆದರೆ ನಮಗೂ ಒಂದು ಬಾಗಿಲು ತೆರೆದಿತ್ತು. ನಮ್ಮ ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಯಿತು. 2021ರಲ್ಲಿ ಅವಧಿ ಮುಗಿಯಿತು. ಆಮೇಲೆ ವರ್ಷ ವರ್ಷ ಕಳೆದರೂ ಚುನಾವಣೆ ಇಲ್ಲ. ಮೊದಲು ಬಿಜೆಪಿ ಸರ್ಕಾರ, ಆಮೇಲೆ ಕಾಂಗ್ರೆಸ್ ಸರ್ಕಾರ. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ, ನ್ಯಾಯಾಲಯ ಎಂದು ಕಾರಣಗಳು ಮಾತ್ರ ಬದಲಾದವು. ನಮ್ಮ ಸಂಘದಲ್ಲಿ ತಾಲ್ಲೂಕು ಪಂಚಾಯಿತಿಗೆ ನಿಲ್ಲಲು ತಯಾರಾಗಿದ್ದ ಮೂವರು ಹೆಂಗಸರಿದ್ದರು. ಒಬ್ಬಾಕೆ ಕಾದು ಕಾದು ಮಗನಿದ್ದ ಪುಣೆಗೆ ಹೊರಟುಹೋದಳು.

ವಕೀಲ (ಯಾದಗಿರಿ):

ಕಾಗಿಣಾ ಅಕ್ಕನವರು ಹುಣ್ಣಿನ ಮೇಲೆಯೇ ಬೆರಳಿಟ್ಟಿದ್ದಾರೆ. ಸಂವಿಧಾನದ 243ಇ ವಿಧಿಯ ಪ್ರಕಾರ ಪಂಚಾಯಿತಿಯ ಅವಧಿ ಐದು ವರ್ಷ, ಅದು ಮುಗಿಯುವ ಮೊದಲೇ ಚುನಾವಣೆ ನಡೆಯಬೇಕು. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ. ಕಾರ್ಯಕರ್ತನೊಬ್ಬ ಪಕ್ಷದ ಚಿಹ್ನೆಯ ಮೇಲೆ ಜನರ ಮುಂದೆ ನಿಂತು ತನ್ನ ತೂಕ ತೋರಿಸುವ ಮೊದಲ ಮೆಟ್ಟಿಲು ತಾಲ್ಲೂಕು ಪಂಚಾಯಿತಿ. ಆ ಮೆಟ್ಟಿಲನ್ನೇ ತೆಗೆದ ಮೇಲೆ ಊರಿನಿಂದ ಬೆಳೆದ ಅಭ್ಯರ್ಥಿ ಎಲ್ಲಿಂದ ಬರಬೇಕು? ಆಗ ಗೆಲ್ಲುವ ಮುಖಕ್ಕಾಗಿ ಎದುರು ಪಕ್ಷದ ಕಡೆ ನೋಡುತ್ತಾರೆ. ಮೂಲ-ವಲಸಿಗ ಜಗಳಕ್ಕೆ ಇದು ಬಹುಮುಖ್ಯ ಕಾರಣ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾನೂನಿನ ಇನ್ನೊಂದು ಮುಖ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಶಾಸಕನನ್ನು ಪಕ್ಷಕ್ಕೆ ಕಟ್ಟಿಹಾಕುತ್ತದೆ. ಪಕ್ಷವನ್ನು ಮತದಾರನಿಗೆ ಕಟ್ಟುವ ಕಾಯ್ದೆ ಯಾವುದೂ ಇಲ್ಲ. ನಾಮಪತ್ರದ ಕೊನೆಯ ದಿನ ಮಧ್ಯಾಹ್ನ ಮೂರು ಗಂಟೆಯೊಳಗೆ ಚುನಾವಣಾಧಿಕಾರಿಯ ಕೈಗೆ ಬಿ ಫಾರಂ ತಲುಪಿದರೆ ಮುಗಿಯಿತು. ಅದರಲ್ಲಿ ಯಾರ ಹೆಸರಿದೆ, ಏಕೆ ಇದೆ ಎಂದು ಕೇಳುವ ಹಕ್ಕು ಸದಸ್ಯನಿಗೆ ಇಲ್ಲ. ನಮ್ಮ ಗುರುಮಠಕಲ್‌ನಲ್ಲಿ ಜೆಡಿಎಸ್‌ಗೆ ಮತ ಹಾಕಿ ಶರಣಗೌಡ ಕಂದಕೂರ ಅವರನ್ನು ಗೆಲ್ಲಿಸಿದರು. ಕೆಲವೇ ತಿಂಗಳಲ್ಲಿ ಪಕ್ಷ ಬಿಜೆಪಿಯ ಜೊತೆ ಮೈತ್ರಿ ಮಾಡಿಕೊಂಡಿತು. ಶಾಸಕರೇ ಅದನ್ನು ಬಹಿರಂಗವಾಗಿ ವಿರೋಧಿಸಿದರು. ಶಾಸಕರ ಮಾತೇ ನಡೆಯದ ಕಡೆ ಮತದಾರನ ಮಾತು ಎಲ್ಲಿ ನಡೆದೀತು?

ಬ್ರಹ್ಮಪುರ:

ವಕೀಲರೇ, ಸದಸ್ಯರಿಂದಲೇ ಅಭ್ಯರ್ಥಿಯನ್ನು ಆರಿಸಿ ನೋಡಿದ್ದೂ ಆಗಿದೆ. 2014ರಲ್ಲಿ ಕಾಂಗ್ರೆಸ್ ಕೆಲವು ಲೋಕಸಭಾ ಕ್ಷೇತ್ರಗಳಲ್ಲಿ ಅಭ್ಯರ್ಥಿ ಯಾರೆಂದು ತನ್ನವರಿಂದಲೇ ಮತದಾನ ಮಾಡಿಸಿತು. ನಮ್ಮ ರಾಜ್ಯದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅದರಲ್ಲಿದ್ದವು. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿಯವರು ಹಾಗೆ ಆಯ್ಕೆಯಾದರು. ಎರಡೂ ಕಡೆ ಸೋಲಾಯಿತು. ಆಮೇಲೆ ಆ ಪ್ರಯೋಗ ಮುಂದುವರಿಯಲಿಲ್ಲ.

ವಕೀಲ:

2014ರಲ್ಲಿ ಆ ಪಕ್ಷ ದೇಶದಲ್ಲಿ ಗೆದ್ದದ್ದೇ 44 ಸ್ಥಾನ. ವರಿಷ್ಠರು ಆರಿಸಿದವರೂ ಸಾಲುಸಾಲಾಗಿ ಸೋತರು. ಆ ಸೋಲನ್ನು ಆಯ್ಕೆಯ ವಿಧಾನದ ತಲೆಗೆ ಕಟ್ಟುವುದು ನ್ಯಾಯವಲ್ಲ.

ಕೋಟೆ ಬೀದಿ (ಬೀದರ್):

ನಮ್ಮ ಜಿಲ್ಲೆಯದನ್ನೂ ಸೇರಿಸಿಕೊಳ್ಳಿ. 2024ರಲ್ಲಿ ಬಿಜೆಪಿಯ ಸಂಸದ ಭಗವಂತ ಖೂಬಾ ಅವರಿಗೆ ಟಿಕೆಟ್ ಕೊಡಬೇಡಿ ಎಂದು ಅದೇ ಪಕ್ಷದ ಔರಾದ್ ಶಾಸಕ ಪ್ರಭು ಚವ್ಹಾಣ್ ಬಹಿರಂಗವಾಗಿಯೇ ಕೇಳಿಕೊಂಡರು. ಟಿಕೆಟ್ ಖೂಬಾ ಅವರಿಗೇ ಸಿಕ್ಕಿತು. ಕೇಂದ್ರ ಸಚಿವರಾಗಿದ್ದವರು ಮೊದಲ ಸಲ ಚುನಾವಣೆಗೆ ನಿಂತ ಇಪ್ಪತ್ತಾರು ವರ್ಷದ ಸಾಗರ ಖಂಡ್ರೆ ಅವರೆದುರು ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. ಗೆದ್ದ ಕಾಂಗ್ರೆಸ್ಸಿನ ಕಡೆ ಇಲ್ಲಿ ಭೀಮಣ್ಣ ಖಂಡ್ರೆಯವರ ಮೊಮ್ಮಗ, ಕಲಬುರಗಿಯಲ್ಲಿ ಖರ್ಗೆಯವರ ಅಳಿಯ. ಅಲ್ಲಿಯೂ ಸಾಮಾನ್ಯ ಕಾರ್ಯಕರ್ತನ ಸರದಿ ಬಂದಿಲ್ಲ ಎಂಬುದನ್ನು ಮರೆಯಬೇಡಿ. ನಾನು ಆ ಪಕ್ಷಕ್ಕೇ ಮತ ಹಾಕಿದವನು, ಆದರೂ ಬರೆಯುತ್ತಿದ್ದೇನೆ.

ಕಾಗಿಣಾ:

ಒಂದು ಮಾತು ಬಿಟ್ಟುಹೋಗಿತ್ತು. ಕೆಲಸವೇ ಆಗಿಲ್ಲ ಎಂದು ನಾನು ಹೇಳುವುದಿಲ್ಲ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದ ಮೇಲೆ ನಮ್ಮ ಭಾಗದ ಕಾಲೇಜುಗಳಲ್ಲಿ ಶೇ 70ರಷ್ಟು ಸೀಟು ನಮ್ಮ ಮಕ್ಕಳಿಗೆ ಮೀಸಲಾಯಿತು. ನನ್ನ ಅಕ್ಕನ ಮಗಳು ಓದಿ ನೌಕರಿಗೆ ಸೇರಿದ್ದು ಅದರಿಂದಲೇ. ಅದಕ್ಕಾಗಿ ದುಡಿದ ಖರ್ಗೆಯವರು 2019ರಲ್ಲಿ ಸೋತಾಗ ಆಕೆ ಅತ್ತಳು. ಆದರೆ ಆಕೆಯ ತಂದೆಯೇ ಅವರ ವಿರುದ್ಧ ಮತ ಹಾಕಿದ್ದರು. ಏಕೆ ಎಂದರೆ, ಐದು ವರ್ಷದಲ್ಲಿ ತಾಲ್ಲೂಕಿನ ಮುಖಂಡರು ಒಂದು ಸಲವೂ ತಮ್ಮ ನಮಸ್ಕಾರಕ್ಕೆ ತಿರುಗಿ ನೋಡಲಿಲ್ಲವಂತೆ. ಇಷ್ಟು ಸಣ್ಣ ಕಾರಣವೇ ಎಂದು ಆಗ ಕೋಪ ಬಂದಿತ್ತು. ಈಗ ಸಣ್ಣದು ಎನ್ನಿಸುವುದಿಲ್ಲ.

ಸೇಡಂ ಮೇಷ್ಟ್ರು:

ತಾಯಿ, 1994ರ ವಿಷಯದಲ್ಲಿ ನಿಮ್ಮ ತಿದ್ದುಪಡಿ ಒಪ್ಪಿಕೊಂಡೆ. ಏಜೆಂಟರೇ, ನೀವು ಏನು ತೀರ್ಮಾನಿಸಿದಿರಿ? ನೋಟಾ ಒತ್ತುತ್ತೇನೆ ಎಂದು ಮಾತ್ರ ಹೇಳಬೇಡಿ. ಎಷ್ಟು ಜನ ಒತ್ತಿದರೂ ಉಳಿದವರಲ್ಲಿ ಹೆಚ್ಚು ಮತ ಪಡೆದವರೇ ಶಾಸಕರಾಗುತ್ತಾರೆ.

ಮತಗಟ್ಟೆ ಏಜೆಂಟ್:

ಎಲ್ಲವನ್ನೂ ಎರಡು ಸಲ ಓದಿದೆ. ಬ್ರಹ್ಮಪುರದ ಅಣ್ಣನವರು "ಪಕ್ಷದ ತೀರ್ಮಾನ ಎಂದು ಹೇಳಿ" ಎಂದದ್ದನ್ನು ನಿನ್ನೆ ರಾತ್ರಿಯೆಲ್ಲ ಯೋಚಿಸಿದೆ. ನನಗೆ ಹಾಗೆ ಹೇಳಲು ಬರುವುದಿಲ್ಲ. ಓಣಿಯವರು ಪಕ್ಷವನ್ನು ಕಂಡವರಲ್ಲ, ನನ್ನನ್ನು ಕಂಡವರು. ಇಪ್ಪತ್ತೆರಡು ವರ್ಷ ನಾನು ಪಕ್ಷಕ್ಕೆ ಕೊಟ್ಟದ್ದು ದುಡ್ಡಲ್ಲ, ಜಾಮೀನು. "ಇವರು ಒಳ್ಳೆಯವರು, ನನ್ನ ಮಾತು ನಂಬಿ" ಎಂದು ಮನೆಮನೆಯಲ್ಲಿ ಹೇಳಿದ್ದೇನೆ. ಸಾಲ ಪಡೆದವರು ಬದಲಾದಾಗ ಜಾಮೀನುದಾರನನ್ನು ಒಂದು ಮಾತು ಕೇಳಬೇಡವೇ?

ತಾಲ್ಲೂಕು ಘಟಕಕ್ಕೆ ಪತ್ರ ಬರೆದಿದ್ದೇನೆ. ವಕೀಲರು ಕರಡು ತಿದ್ದಿಕೊಟ್ಟರು, ಅವರಿಗೆ ಶರಣು. ಅದರಲ್ಲಿ ಎರಡೇ ಮಾತು. ಟಿಕೆಟ್ ತೀರ್ಮಾನಿಸುವ ಮೊದಲು ಪ್ರತಿ ಮತಗಟ್ಟೆಯ ಕಾರ್ಯಕರ್ತರನ್ನು ಕರೆದು ಅಭಿಪ್ರಾಯ ಬರೆದುಕೊಳ್ಳಬೇಕು, ಹೆಂಗಸರನ್ನೂ ಕರೆಯಬೇಕು. ಎದುರು ಪಕ್ಷದಿಂದ ಬಂದ ಆ ಮುಖಂಡರು ನಮ್ಮೂರಿಗೆ ಬಂದು, ಹಿಂದೆ ಆಡಿದ ಮಾತಿನ ಬಗ್ಗೆ ಜನರ ಮುಂದೆ ಉತ್ತರ ಕೊಡಬೇಕು. ಉತ್ತರ ಇನ್ನೂ ಬಂದಿಲ್ಲ.

ಅವರು ಯಾರನ್ನೇ ನಿಲ್ಲಿಸಲಿ, ಮತದಾನದ ದಿನ ನಾನು ಮತಗಟ್ಟೆಯಲ್ಲಿ ಕೂರುತ್ತೇನೆ, 17ಸಿ ಪ್ರತಿ ತೆಗೆದುಕೊಂಡೇ ಏಳುತ್ತೇನೆ. ಮತ ಸರಿಯಾಗಿ ಬಿತ್ತೇ, ಲೆಕ್ಕ ಸರಿಯಾಗಿದೆಯೇ ಎಂದು ನೋಡುವುದು ಊರಿಗಾಗಿ ಮಾಡುವ ಕೆಲಸ. ಆದರೆ ಆ ಪತ್ರಕ್ಕೆ ಉತ್ತರ ಬರುವವರೆಗೆ ಮತ ಕೇಳಲು ಯಾರ ಬಾಗಿಲಿಗೂ ಹೋಗುವುದಿಲ್ಲ. ಅಜ್ಜಿಗೆ ಇದನ್ನೇ ಇವತ್ತು ಬೆಳಿಗ್ಗೆ ಹೇಳಿ ಬಂದೆ. ತಮ್ಮನಿಗೂ ಹೇಳಿದೆ. ಅವನು ಒಪ್ಪಲಿಲ್ಲ, ಆದರೆ ಎಷ್ಟೋ ದಿನಗಳ ಮೇಲೆ ಪಕ್ಕದಲ್ಲಿ ಕುಳಿತು ಪೂರ್ತಿ ಕೇಳಿಸಿಕೊಂಡ.